ಗಡಿಯಾಚೆಯ ಶೌರ್ಯಕ್ಕೆ ಬೇರೆ ತಕ್ಕಡಿ ಏಕೆ?

ಓದುಗರೊಬ್ಬರು ಬರೆದಿದ್ದಾರೆ: ‘ಹೊರದೇಶಕ್ಕೆ ಹೋಗುವ ಸೇನಾಧಿಕಾರಿಗೆ ಭತ್ಯೆ ಸಿಗುತ್ತದೆ, ಅದರ ಮೇಲೆ ಪದಕವೇಕೆ? ಶೌರ್ಯ ಪ್ರಶಸ್ತಿಗಳು ನಮ್ಮ ಗಡಿ ಕಾಯುವವರಿಗೇ ಮೀಸಲಾಗಲಿ.’

ತಮ್ಮ ಮಾತಿನಲ್ಲಿ ಒಂದಂಶ ಸರಿ. 1960ರಲ್ಲಿ ಆರಂಭವಾದ ವಿದೇಶ ಸೇವಾ ಪದಕ ಪರಾಕ್ರಮಕ್ಕೆ ಕೊಡುವಂಥದ್ದಲ್ಲ, ಹೊರನಾಡಿನಲ್ಲಿ ಕರ್ತವ್ಯ ನಿರ್ವಹಿಸಿದ್ದಕ್ಕೆ ಸಲ್ಲುವಂಥದ್ದು. ಆದರೆ ಪರಮವೀರ ಚಕ್ರಕ್ಕೂ ಅದೇ ಅಳತೆಗೋಲು ಹಿಡಿದಿರುವುದನ್ನು ನಾನು ಒಪ್ಪಲಾರೆ.

ಮರಣೋತ್ತರವಾಗಿ ಪರಮವೀರ ಚಕ್ರ ಪಡೆದ ಕ್ಯಾಪ್ಟನ್ ಗುರುಬಚನ್ ಸಿಂಗ್ ಸಲಾರಿಯಾ ಅವರನ್ನೇ ನೋಡಿ. ಬಾಲ್ಯದಲ್ಲಿ ನಮ್ಮ ಬೆಂಗಳೂರಿನ ಸೈನಿಕ ಕಾಲೇಜಿನಲ್ಲಿ ಕೆಲಕಾಲ ಓದಿದವರು ಎಂಬುದು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು? ವಿಶ್ವಸಂಸ್ಥೆಯ ಪಡೆಯಲ್ಲಿ ಕಾಂಗೋಗೆ ಹೋಗಿದ್ದ ಅವರು 1961ರ ಡಿಸೆಂಬರ್ 5ರಂದು ಎಲಿಜಬೆತ್‌ವಿಲ್ ನಗರದಲ್ಲಿ ರಸ್ತೆ ತಡೆಯೊಂದನ್ನು ತೆರವುಗೊಳಿಸಬೇಕಿತ್ತು. ರಾಕೆಟ್ ಲಾಂಚರ್‌ನಿಂದ ಎರಡು ಕವಚಿತ ವಾಹನಗಳನ್ನು ನಾಶಮಾಡಿ, ಹದಿನಾರು ಮಂದಿ ಗೂರ್ಖಾ ಸೈನಿಕರೊಂದಿಗೆ ಸುಮಾರು ತೊಂಬತ್ತು ಶಸ್ತ್ರಧಾರಿಗಳ ಮೇಲೆ ಖುಕುರಿ ಎಂಬ ಬಾಗುಗತ್ತಿ ಹಿರಿದು ನುಗ್ಗಿದರು. ಕುತ್ತಿಗೆಗೆ ಗುಂಡು ತಗುಲಿದ ಮೇಲೂ, ರಕ್ತ ಬಸಿದು ಕುಸಿಯುವವರೆಗೂ ಅವರು ಹೋರಾಟ ಬಿಡಲಿಲ್ಲ. ಆಗ ವಯಸ್ಸು ಇಪ್ಪತ್ತಾರು. ಆ ನೆಲ ನಮ್ಮದಲ್ಲವೆಂದು ಆ ರಕ್ತದ ಬೆಲೆ ಕಡಿಮೆಯಾದೀತೆ?

ಬಂದೂಕು ಹಿಡಿದವರ ಮಾತಷ್ಟೇ ಅಲ್ಲ. ಕೊರಿಯಾ ಯುದ್ಧಕ್ಕೆ ಭಾರತ ಕಳುಹಿಸಿದ್ದು 60ನೇ ಪ್ಯಾರಾಚೂಟ್ ಫೀಲ್ಡ್ ಆ್ಯಂಬುಲೆನ್ಸ್ ಎಂಬ ವೈದ್ಯಕೀಯ ಪಡೆಯನ್ನು. ಅದರ ಮುಖ್ಯಸ್ಥ, ವೈದ್ಯ ಲೆಫ್ಟಿನೆಂಟ್ ಕರ್ನಲ್ ಎ.ಜಿ. ರಂಗರಾಜ್ ಅವರಿಗೆ ಮಹಾವೀರ ಚಕ್ರ ಸಂದಿತು.

ಇನ್ನು ಭಾರತ ಶಾಂತಿಪಾಲನಾ ಪಡೆ ಕಳುಹಿಸಿದ್ದ ಶ್ರೀಲಂಕಾ. 1987ರ ನವೆಂಬರ್ 25ರ ರಾತ್ರಿ, ಜಾಫ್ನಾದ ಹಳ್ಳಿಯೊಂದರಲ್ಲಿ ಶೋಧ ಮುಗಿಸಿ ಬರುತ್ತಿದ್ದ ಮೇಜರ್ ರಾಮಸ್ವಾಮಿ ಪರಮೇಶ್ವರನ್ ಅವರ ತುಕಡಿಯನ್ನು ಉಗ್ರರು ಹೊಂಚುಹಾಕಿ ಮುತ್ತಿದರು. ಮೇಜರ್ ಹಿಂದಿನಿಂದ ಬಳಸಿಬಂದು ಎದುರಾಳಿಗಳ ಮೇಲೆರಗಿದರು. ಕೈಕೈ ಮಿಲಾಯಿಸುವ ಹೊತ್ತಿನಲ್ಲಿ ಎದೆಗೆ ಗುಂಡು ಬಿದ್ದರೂ, ಹೊಡೆದವನ ರೈಫಲನ್ನೇ ಕಿತ್ತುಕೊಂಡು ಅವನನ್ನು ಕೊಂದು, ಕೊನೆಯುಸಿರಿನವರೆಗೆ ತಮ್ಮವರಿಗೆ ಆದೇಶ ನೀಡುತ್ತಲೇ ಇದ್ದರು. ಅವರಿಗೂ ಪರಮವೀರ ಚಕ್ರ ಸಂದಿತು.

ಶ್ರೀಲಂಕಾದ ಆ ಇಡೀ ಕಾರ್ಯಾಚರಣೆಯಲ್ಲಿ ಸಾವಿರಕ್ಕೂ ಹೆಚ್ಚು ಭಾರತೀಯ ಯೋಧರು ಮಡಿದರು. ಪಡೆಯನ್ನು ಕಳುಹಿಸಿದ್ದು ತಪ್ಪೋ ಸರಿಯೋ ಎಂಬುದು ದೆಹಲಿಯಲ್ಲಿ ನಿರ್ಧಾರ ಕೈಗೊಂಡವರನ್ನು ಕೇಳಬೇಕಾದ ಪ್ರಶ್ನೆ. ನಾವಾದರೋ ಅದರ ಸಿಟ್ಟನ್ನು ಸೈನಿಕರ ಮೇಲೆ ತೀರಿಸಿಕೊಂಡೆವು. 1990ರ ಮಾರ್ಚ್‌ನಲ್ಲಿ ಕೊನೆಯ ತುಕಡಿಗಳು ಮದ್ರಾಸಿಗೆ ಮರಳಿದಾಗ ಆ ರಾಜ್ಯದ ಮುಖ್ಯಮಂತ್ರಿ ಸ್ವಾಗತಕ್ಕೆ ಹೋಗಲಿಲ್ಲ. ಗೆದ್ದ ಯುದ್ಧದ ಯೋಧನಿಗೆ ಮೆರವಣಿಗೆ, ಇಕ್ಕಟ್ಟಿನ ಯುದ್ಧದಿಂದ ಬಂದವನಿಗೆ ಮೌನ ಎಂಬ ಪಂಕ್ತಿಭೇದ ನನ್ನನ್ನು ಬಹುಕಾಲದಿಂದ ನೋಯಿಸಿದೆ.

ಪತ್ರಿಕೆಗಳವರ ತಪ್ಪೂ ಇದರಲ್ಲಿದೆ. ಗಣರಾಜ್ಯೋತ್ಸವದಂದು ಹೆಸರುಗಳ ಪಟ್ಟಿ ಅಚ್ಚಾಗುತ್ತದೆ, ಯಾವ ಕಾರ್ಯಕ್ಕಾಗಿ ಪದಕವೆಂಬ ವಿವರ ಎಷ್ಟೋ ಬಾರಿ ಜಾಗ ಸಾಲದೆ ಉದುರಿಹೋಗುತ್ತದೆ. ತಾವು ಆ ವಿವರಗಳನ್ನು ಓದಿದ್ದರೆ ಭತ್ಯೆಯ ಮಾತು ಎತ್ತುತ್ತಿರಲಿಲ್ಲವೆಂದೇ ನನ್ನ ನಂಬಿಕೆ. ಸಲಾರಿಯಾ ಮತ್ತು ಪರಮೇಶ್ವರನ್ ಅವರ ಪ್ರಶಸ್ತಿ ಉಲ್ಲೇಖಗಳನ್ನು ಮುಂದಿನ ಸಂಚಿಕೆಯಲ್ಲಿ ಪೂರ್ತಿಯಾಗಿ ಕನ್ನಡದಲ್ಲಿ ಪ್ರಕಟಿಸುತ್ತೇವೆ. ಓದಿದ ಮೇಲೆ ದಯವಿಟ್ಟು ಮತ್ತೊಮ್ಮೆ ಬರೆಯಿರಿ.