ರೂಪಾಯಿಯಲ್ಲಿ ಕಟ್ ಮಾಡ್ಲಾ ಅಂದ್ರೆ ಬೇಡ ಅನ್ನಿ

ಬೇಸಿಗೆ ರಜೆ ಹತ್ತಿರ ಬಂತು. ದಾವಣಗೆರೆ, ಚಿತ್ರದುರ್ಗದ ಕಡೆಯಿಂದ ಈ ಸಲ ಬಂದಿರುವ ಪತ್ರಗಳೆಲ್ಲ ಫಾರಿನ್ ಟೂರಿನವೇ. ಮಕ್ಕಳು ಕರೆಸಿಕೊಳ್ಳುತ್ತಿದ್ದಾರೆ, ಚೀಟಿ ದುಡ್ಡು ಕೈಗೆ ಬಂದಿದೆ, ಓಣಿಯವರೆಲ್ಲ ಸೇರಿ ಗುಂಪು ಕಟ್ಟಿಕೊಂಡು ಹೊರಟಿದ್ದಾರೆ. ಏನು ನೋಡಬೇಕು ಅಂತ ಒಬ್ಬರೂ ಕೇಳಿಲ್ಲ, ಅದು ಯೂಟ್ಯೂಬಲ್ಲಿ ಸಿಗುತ್ತದೆ ಬಿಡಿ. ಎಲ್ಲರದೂ ದುಡ್ಡಿನ ಪ್ರಶ್ನೆ. ಸರಿ, ಅದನ್ನೇ ನೋಡೋಣ.

ಪ್ರಶ್ನೆ: ಮನೆಯವರು ಆರು ಜನ ಸಿಂಗಪುರ, ಮಲೇಷ್ಯಾ ಟೂರ್ ಹೊರಟಿದ್ದೇವೆ. ಊಟ, ಹೋಟೆಲ್ ಟೂರಿನವರದ್ದೇ. ಕೈಖರ್ಚಿಗೆ ದುಡ್ಡು ಎಲ್ಲಿ ಬದಲಾಯಿಸೋದು? ಏರ್‌ಪೋರ್ಟಲ್ಲೇ ಸಿಗುತ್ತೆ, ಸುಮ್ನೆ ಯಾಕೆ ತಲೆ ಕೆಡಿಸ್ಕೊಳ್ತೀರಿ ಅಂತಾರೆ ಏಜೆಂಟರು.
– ನಿವೃತ್ತ ಶಿಕ್ಷಕರು, ವಿದ್ಯಾನಗರ, ದಾವಣಗೆರೆ

ಉತ್ತರ: ಸಿಗುತ್ತದೆ ಮೇಷ್ಟ್ರೇ, ಸಿಗದೆ ಏನು. ಆದರೆ ಅಲ್ಲಿಯ ರೇಟು ಊರೊಳಗಿನದಕ್ಕಿಂತ ಜಾಸ್ತಿ ಇರುತ್ತದೆ. ವಿಮಾನಕ್ಕೆ ಹೊತ್ತಾಗಿದೆ, ನೀವು ಬೇರೆ ಅಂಗಡಿ ಹುಡುಕಿಕೊಂಡು ಹೋಗಲ್ಲ ಅಂತ ಕೌಂಟರಿನವರಿಗೂ ಗೊತ್ತು.

‘ಜೀರೋ ಕಮಿಷನ್’ ಅಂತ ಬೋರ್ಡ್ ಹಾಕಿರುತ್ತಾರೆ. ನಮ್ಮ ಎಪಿಎಂಸಿಯಲ್ಲಿ ಮೆಕ್ಕೆಜೋಳ ಮಾರಿದವರಿಗೆ ಇದು ಬೇಗ ಅರ್ಥವಾಗುತ್ತದೆ: ಕಮಿಷನ್ ಬೇಡ ಅಂದವನು ತೂಕದಲ್ಲಿ ಹಿಡಿಯುತ್ತಾನೆ. ಇಲ್ಲಿ ಹಿಡಿಯುವುದು ರೇಟಿನಲ್ಲಿ. ಗೂಗಲ್‌ನಲ್ಲಿ ಸಿಂಗಪುರ ಡಾಲರಿಗೆ 70 ರೂಪಾಯಿ ತೋರಿಸುತ್ತಿದೆ, ಕೌಂಟರಿನವರು 74 ಅಂದರು ಅಂತ ಇಟ್ಟುಕೊಳ್ಳಿ. ಸಾವಿರ ಡಾಲರಿಗೆ 4,000 ರೂಪಾಯಿ ಹೋಯಿತು. ಹಾಗಾಗಿ ಕಮಿಷನ್ ಎಷ್ಟು ಅಂತ ಕೇಳಬೇಡಿ. ‘ಎಲ್ಲಾ ಸೇರಿ ನನ್ನ ಕೈಯಿಂದ ಎಷ್ಟು ರೂಪಾಯಿ ಹೋಗುತ್ತದೆ, ಎಷ್ಟು ಡಾಲರ್ ಬರುತ್ತದೆ’ ಅಂತ ಕೇಳಿ. ಇದರ ಮೇಲೆ ಜಿಎಸ್‌ಟಿ ಇದೆ, ಆದರೆ ಸಣ್ಣದು, 1 ಲಕ್ಷ ರೂಪಾಯಿಗೆ 180 ರೂಪಾಯಿ ಅಷ್ಟೇ. ಅದಕ್ಕಿಂತ ಜಾಸ್ತಿ ಜಿಎಸ್‌ಟಿ ಅಂದರೆ ಬಿಲ್ ಬಿಡಿಸಿ ತೋರಿಸಿ ಅನ್ನಿ.

ದಾವಣಗೆರೆಯ ಎಲ್ಲಾ ಬ್ಯಾಂಕ್ ಶಾಖೆಯಲ್ಲೂ ಹೋದ ತಕ್ಷಣ ವಿದೇಶಿ ನೋಟು ಕೈಗೆ ಕೊಡಲ್ಲ. ಒಂದು ವಾರ ಮೊದಲೇ ಹೋಗಿ ಕೇಳಿ, ತರಿಸಿಕೊಡುತ್ತಾರಾ, ಫಾರೆಕ್ಸ್ ಕಾರ್ಡಿಗೆ (ವಿದೇಶಿ ದುಡ್ಡು ಮೊದಲೇ ತುಂಬಿಸಿಡುವ ಕಾರ್ಡು) ತುಂಬಿಸಿಕೊಡುತ್ತಾರಾ ಅಂತ. ಖಾಸಗಿ ಮನಿ ಚೇಂಜರ್ ಆದರೆ ರಿಸರ್ವ್ ಬ್ಯಾಂಕಿನ ಲೈಸೆನ್ಸ್ ಇರಬೇಕು, ಬಿಲ್ ಕೊಡಬೇಕು. ಪರಿಚಯದವರ ಹತ್ತಿರ ಇದೆ, ಬಿಲ್ಲಿಲ್ಲದೆ ಕೊಡ್ತಾರೆ ಅನ್ನುವ ಮಾತು ಬಂದರೆ ಎದ್ದು ಬನ್ನಿ. ರೂಪಾಯಿ ನಗದು ಕೊಟ್ಟು ಕೊಳ್ಳುವುದು 50,000ದವರೆಗೆ ಮಾತ್ರ, ಅದಕ್ಕಿಂತ ಜಾಸ್ತಿಗೆ ಚೆಕ್ಕೋ ಖಾತೆಯಿಂದಲೋ ಕೊಡಬೇಕು. ನೋಟಿನ ರೂಪದಲ್ಲಿ ಒಬ್ಬರು ಒಂದು ಪ್ರವಾಸಕ್ಕೆ 3,000 ಅಮೆರಿಕನ್ ಡಾಲರಿನಷ್ಟು ಒಯ್ಯಬಹುದು. ನಿಮಗೆ ಅಷ್ಟು ಬೇಕಾಗಲ್ಲ ಬಿಡಿ. ಭಾರತದ ರೂಪಾಯಿ 25,000ದವರೆಗೆ ಜೊತೆಯಲ್ಲಿ ಇಟ್ಟುಕೊಳ್ಳಬಹುದು. ವಾಪಸ್ ಬಂದ ದಿನ ಬೆಂಗಳೂರಿಂದ ದಾವಣಗೆರೆಗೆ ಬರುವ ಗಾಡಿ ಖರ್ಚು, ದಾರಿಯ ಊಟ ಅಂತ ಸ್ವಲ್ಪ ಇರಲಿ.

ಊಟ, ಹೋಟೆಲ್ ಟೂರಿನವರದ್ದೇ ಆದರೆ ಖರ್ಚಿನ ಕಾಲು ಭಾಗ ನೋಟು, ಉಳಿದದ್ದು ಕಾರ್ಡ್ ಸಾಕು ಅಂತ ನನ್ನ ಲೆಕ್ಕ. ಮಲೇಷ್ಯಾದ ರಿಂಗಿಟ್ ನಮ್ಮ ಕಡೆ ಹುಡುಕಾಡಬೇಡಿ. ಸಿಂಗಪುರ ಡಾಲರನ್ನೇ ಸ್ವಲ್ಪ ಜಾಸ್ತಿ ತಗೊಂಡು, ಕ್ವಾಲಾಲಂಪುರ ಊರೊಳಗೆ ಬದಲಾಯಿಸಿಕೊಳ್ಳಿ. ಕಾರ್ಡ್ ಎರಡು ಇರಲಿ, ಒಂದು ನಿಮ್ಮ ಬ್ಯಾಗಲ್ಲಿ, ಇನ್ನೊಂದು ಮಗನ ಬ್ಯಾಗಲ್ಲಿ.

ಪ್ರಶ್ನೆ: ಅಲ್ಲಿ ಅಂಗಡಿಯಲ್ಲಿ ಕಾರ್ಡ್ ಉಜ್ಜಿದರೆ ರೂಪಾಯಿನಾ, ಡಾಲರಾ ಅಂತ ಮೆಷಿನ್ ಕೇಳುತ್ತಂತೆ. ರೂಪಾಯಿ ಒತ್ತಿದರೆ ಲೆಕ್ಕ ಅಲ್ಲೇ ಗೊತ್ತಾಗುತ್ತೆ, ಒಳ್ಳೇದಲ್ವಾ?
– ಖಾಸಗಿ ಕಂಪನಿ ಉದ್ಯೋಗಿ, ಹರಿಹರ

ಉತ್ತರ: ಅಲ್ಲ. ಈ ಪುಟದಲ್ಲಿ ಒಂದೇ ಒಂದು ಉತ್ತರ ಓದುವುದಾದರೆ ಇದನ್ನು ಓದಿ.

ಮೆಷಿನ್ ತೆರೆಯ ಮೇಲೆ ಎರಡು ಮೊತ್ತ ಬರುತ್ತದೆ. ಮೇಲೆ 200 ಸಿಂಗಪುರ ಡಾಲರ್, ಕೆಳಗೆ 14,700 ರೂಪಾಯಿ. ಕೆಳಗಿನದು ನೋಡಿದ ಕೂಡಲೇ ನಮ್ಮೂರಿನ ದುಡ್ಡು ಕಂಡಿತಲ್ಲ ಅಂತ ಸಮಾಧಾನ ಆಗುತ್ತದೆ. ಆ ಸಮಾಧಾನಕ್ಕೇ ದುಡ್ಡು ಹಿಡಿಯುವುದು. ಅವತ್ತಿನ ರೇಟು 70 ಇದ್ದರೆ ಆ ವಸ್ತು 14,000ದ್ದು. ಮೇಲಿನ 700 ರೂಪಾಯಿ ಮೆಷಿನ್ ಇಟ್ಟ ಕಂಪನಿ, ಅಲ್ಲಿಯ ಬ್ಯಾಂಕು, ಅಂಗಡಿ ಹಂಚಿಕೊಳ್ಳುವ ದುಡ್ಡು. ಇದಕ್ಕೆ ಡೈನಾಮಿಕ್ ಕರೆನ್ಸಿ ಕನ್ವರ್ಷನ್ ಅನ್ನುತ್ತಾರೆ. ತಮಾಷೆ ಏನೆಂದರೆ ರೂಪಾಯಿ ಒತ್ತಿದರೂ ಕೆಲವು ಬ್ಯಾಂಕುಗಳು ಇದು ವಿದೇಶದ ವ್ಯವಹಾರ ಅಂತ ತಮ್ಮ ಚಾರ್ಜು ಬೇರೆ ಹಾಕುತ್ತವೆ. ಎರಡೂ ಕಡೆ ಏಟು.

ಎಷ್ಟೋ ಸಲ ನಿಮ್ಮನ್ನು ಕೇಳುವುದೇ ಇಲ್ಲ. ಕೌಂಟರಿನ ಹುಡುಗಿ ಇಂಡಿಯಾದ ಕಾರ್ಡು ಅಂತ ನೋಡಿ, ಉಪಕಾರ ಮಾಡಿದ ಹಾಗೆ ತಾನೇ ರೂಪಾಯಿ ಒತ್ತಿಬಿಡುತ್ತಾಳೆ. ಅದಕ್ಕೆ ಕಾರ್ಡ್ ಕೊಡುವಾಗಲೇ ‘ಲೋಕಲ್ ಕರೆನ್ಸಿ’ ಅಂತ ಬಾಯಿಬಿಟ್ಟು ಹೇಳಿ. ಚೀಟಿಯಲ್ಲಿ ರೂಪಾಯಿ ಮೊತ್ತ, ಎಕ್ಸ್‌ಚೇಂಜ್ ರೇಟು ಕಂಡರೆ ಅಲ್ಲೇ ಕ್ಯಾನ್ಸಲ್ ಮಾಡಿಸಿ ಮತ್ತೆ ಉಜ್ಜಿಸಿ. ಊರಿಗೆ ಬಂದು ಬ್ಯಾಂಕಿಗೆ ಅಲೆದರೆ ಕೆಲಸ ಆಗುವುದು ಕಷ್ಟ, ನೀವೇ ಒಪ್ಪಿಕೊಂಡಿದ್ದೀರಿ ಅಂತ ಚೀಟಿ ತೋರಿಸುತ್ತಾರೆ. ಎಟಿಎಂ ಕೂಡ ಇದೇ ಆಟ ಆಡುತ್ತದೆ: ‘ಕನ್ವರ್ಷನ್ ಒಪ್ಪುತ್ತೀರಾ’ ಅಂತ ಕೇಳಿದರೆ ಬೇಡ ಅಂತ ಒತ್ತಿ. ಹೆದರಬೇಡಿ, ದುಡ್ಡು ಬರುತ್ತದೆ.

ಇದೆಲ್ಲ ಸರಿಯಾಗಿ ಮಾಡಿದರೂ ಮಾಮೂಲಿ ಡೆಬಿಟ್, ಕ್ರೆಡಿಟ್ ಕಾರ್ಡಿಗೆ ನಮ್ಮ ಬ್ಯಾಂಕುಗಳು ಸಾಮಾನ್ಯವಾಗಿ 2ರಿಂದ 3.5 ಪರ್ಸೆಂಟ್ ಮಾರ್ಕಪ್, ಅಂದರೆ ರೇಟಿನ ಮೇಲೆ ಹೆಚ್ಚುವರಿ ಚಾರ್ಜು, ಹಾಕುತ್ತವೆ, ಆ ಮಾರ್ಕಪ್ ಮೇಲೆ 18 ಪರ್ಸೆಂಟ್ ಜಿಎಸ್‌ಟಿ. ಮಾರ್ಕಪ್ ಇಲ್ಲದ ಕಾರ್ಡುಗಳೂ ಇವೆ, ವರ್ಷದ ಫೀ ನೋಡಿ ತಗೊಳ್ಳಿ. ಫಾರೆಕ್ಸ್ ಕಾರ್ಡಿನಲ್ಲಿ ಯಾವ ದೇಶದ ದುಡ್ಡು ತುಂಬಿಸಿದ್ದೀರೋ ಅಲ್ಲಿ ಬಳಸಿದರೆ ಲಾಭ. ಅಮೆರಿಕನ್ ಡಾಲರ್ ತುಂಬಿಸಿ ಥೈಲ್ಯಾಂಡಿನಲ್ಲಿ ಉಜ್ಜಿದರೆ ಮತ್ತೆ ಬದಲಾವಣೆ ಚಾರ್ಜು ಬೀಳುತ್ತದೆ. ಥೈಲ್ಯಾಂಡಿನ ಎಟಿಎಂಗಳಂತೂ ವಿದೇಶಿ ಕಾರ್ಡಿಗೆ ಒಂದು ಸಲಕ್ಕೆ 220 ಬಾತ್ ಅಥವಾ ಅದಕ್ಕೂ ಜಾಸ್ತಿ ಕೀಳುತ್ತವೆ, ದಿನಾ ಸಾವಿರ ಸಾವಿರ ತೆಗೆಯುವ ಅಭ್ಯಾಸ ಅಲ್ಲಿ ಬೇಡ. ಇನ್ನೊಂದು, ಹೋಟೆಲ್ ಡೆಪಾಸಿಟ್‌ಗೆ ಫಾರೆಕ್ಸ್ ಕಾರ್ಡ್ ಕೊಡಬೇಡಿ. ಹಿಡಿದ ದುಡ್ಡು ಬಿಡುಗಡೆ ಆಗುವಷ್ಟರಲ್ಲಿ ನೀವು ಊರಿಗೆ ಬಂದಿರುತ್ತೀರಿ. ಅದಕ್ಕೆ ಕ್ರೆಡಿಟ್ ಕಾರ್ಡೇ ಸರಿ.

ಪ್ರಶ್ನೆ: ಮಗಳು ಜರ್ಮನಿಯಲ್ಲಿದ್ದಾಳೆ, ನಾವಿಬ್ಬರೂ ಹೋಗಬೇಕು. ವೀಸಾಕ್ಕೆ ಬ್ಯಾಲೆನ್ಸ್ ತೋರಿಸಬೇಕು, ಯಾರ ಹತ್ರನಾದ್ರೂ 5 ಲಕ್ಷ ಇಸ್ಕೊಂಡು ಒಂದು ವಾರ ಖಾತೆಯಲ್ಲಿಡಿ ಅಂತಾನೆ ಏಜೆಂಟ್. ನಮ್ಮದು ಅಡಿಕೆ ತೋಟ, ತಿಂಗಳ ಸಂಬಳ ಇಲ್ಲ.
– ಕೃಷಿಕರು, ಚನ್ನಗಿರಿ

ಉತ್ತರ: ಆ ಕೆಲಸ ಮಾಡಬೇಡಿ ಯಜಮಾನ್ರೇ. ಅವರು ನೋಡುವುದು ಒಂದು ದಿನದ ಬ್ಯಾಲೆನ್ಸ್ ಅಲ್ಲ, ಕಡೇಪಕ್ಷ ಮೂರು ತಿಂಗಳ ಸ್ಟೇಟ್‌ಮೆಂಟ್. ಸುಮ್ಮನಿದ್ದ ಖಾತೆಗೆ ದಿಢೀರ್ ಅಂತ 5 ಲಕ್ಷ ಬಿದ್ದರೆ ಅದೇ ಕಣ್ಣಿಗೆ ಹೊಡೆಯುತ್ತದೆ. ವೀಸಾ ತಿರಸ್ಕಾರ ಆದರೆ 90 ಯೂರೋ ಫೀಸು ವಾಪಸ್ ಬರಲ್ಲ, ತಿರಸ್ಕಾರ ಆಗಿದ್ದು ಷೆಂಗೆನ್ ದೇಶಗಳ (ಒಂದೇ ವೀಸಾ ನಡೆಯುವ, ಜರ್ಮನಿಯೂ ಸೇರಿದ ಯುರೋಪಿನ ದೇಶಗಳು) ದಾಖಲೆಯಲ್ಲೂ ಉಳಿಯುತ್ತದೆ.

ಅಡಿಕೆಯವರಿಗೆ ದುಡ್ಡು ಬರುವುದೇ ಗಂಟಾಗಿ. ಅದನ್ನು ಮುಚ್ಚಿಡುವ ಬದಲು ತೋರಿಸಿ. ತುಮ್ಕೋಸ್ ಅಡಿಕೆ ಸೊಸೈಟಿಯಲ್ಲೋ ಮಂಡಿಯಲ್ಲೋ ಮಾರಿದ ಪಟ್ಟಿ ಇರುತ್ತದಲ್ಲ, ಅದರ ತಾರೀಖು, ಮೊತ್ತ, ಖಾತೆಗೆ ಬಿದ್ದ ದುಡ್ಡು ಮೂರೂ ತಾಳೆಯಾದರೆ ಅದಕ್ಕಿಂತ ಗಟ್ಟಿ ಪುರಾವೆ ಬೇಕಿಲ್ಲ. ಜೊತೆಗೆ ಪಹಣಿ ಇಡಿ, ಇಂಗ್ಲಿಷ್ ಅನುವಾದ ಮಾಡಿಸಿ. ಊರಲ್ಲಿ ತೋಟ ಇದೆ, ಕೊಯ್ಲಿಗೆ ವಾಪಸ್ ಬರಲೇಬೇಕು ಅನ್ನುವುದಕ್ಕೂ ಅದೇ ಸಾಕ್ಷಿ. ಐಟಿ ರಿಟರ್ನ್ ಹಾಕುತ್ತಿದ್ದರೆ ಅದೂ ಇರಲಿ. ಖರ್ಚೆಲ್ಲ ಮಗಳದ್ದೇ ಆದರೆ ಇನ್ನೂ ಸುಲಭ. ತಂದೆತಾಯಿಯ ಖರ್ಚಿನ ಹೊಣೆ ನನ್ನದು ಅನ್ನುವ ಅಧಿಕೃತ ಪತ್ರವನ್ನು ಅವಳು ಅಲ್ಲಿಯ ವಿದೇಶಿಯರ ಕಚೇರಿಯಲ್ಲಿ ಮಾಡಿಸಿ ಕಳಿಸಬಹುದು. ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೋ ರಕ್ಷಣೆಯ ಟ್ರಾವೆಲ್ ಇನ್ಶೂರೆನ್ಸ್ ಬೇಕೇ ಬೇಕು. ಬಿಪಿ, ಶುಗರ್ ಇದ್ದರೆ ಮುಚ್ಚಿಡದೆ ಬರೆಸಿ. ಮುಚ್ಚಿಟ್ಟರೆ ಕ್ಲೇಮ್ ಸಮಯಕ್ಕೆ ಅವರಿಗೆ ಅದೇ ನೆಪ ಸಿಗುತ್ತದೆ.

ಪ್ರಶ್ನೆ: ಮಗಳಿಗೆ ಉಡಿ ತುಂಬಲು ದುಬೈಗೆ ಹೊರಟಿದ್ದೇನೆ, ಹತ್ತು ದಿನ ಇರುತ್ತೇನೆ. ಹೆಂಗಸರು 40 ಗ್ರಾಂ ಚಿನ್ನ ಸುಂಕ ಇಲ್ಲದೆ ತರಬಹುದು ಅಂತಾರೆ, ನಿಜವೇ? ಉಡಿ ಸಾಮಾನು ಇಲ್ಲಿಂದಲೇ ಒಯ್ಯಬಹುದಾ?
– ಗೃಹಿಣಿ, ಚಿತ್ರದುರ್ಗ

ಉತ್ತರ: ಅಮ್ಮಾ, 40 ಗ್ರಾಂ ಅನ್ನುವುದು ಒಂದು ವರ್ಷಕ್ಕಿಂತ ಜಾಸ್ತಿ ವಿದೇಶದಲ್ಲಿದ್ದು ವಾಪಸ್ ಬರುವ ಹೆಂಗಸರಿಗೆ. ಹತ್ತು ದಿನಕ್ಕೆ ಹೋಗಿ ಬರುವವರಿಗೆ ಅದು ಇಲ್ಲ. ವಾಟ್ಸಾಪಿನಲ್ಲಿ ಈ ಅರ್ಧ ಮಾತು ಮಾತ್ರ ಓಡಾಡುತ್ತದೆ. ಕೊಂಡರೆ ಬಿಲ್ ಇಟ್ಟುಕೊಂಡು, ಬೆಂಗಳೂರು ಏರ್‌ಪೋರ್ಟಲ್ಲಿ ರೆಡ್ ಚಾನೆಲ್‌ಗೆ (ಸುಂಕದ ಸಾಮಾನು ಇರುವವರ ಸಾಲು) ಹೋಗಿ ಹೇಳಿ ಸುಂಕ ಕಟ್ಟಿ. ಸುಂಕ ಸೇರಿಸಿದ ಮೇಲೂ ಲಾಭ ಉಳಿಯುತ್ತದಾ ಅಂತ ಮೊದಲೇ ಲೆಕ್ಕ ಹಾಕಿ. ಬಹಳ ಜನ ಈ ಲೆಕ್ಕ ಹಾಕದೆ ಗೋಲ್ಡ್ ಸೂಕ್‌ಗೆ ಓಡುತ್ತಾರೆ. ಇನ್ನು ಇಲ್ಲಿಂದ ಹಾಕಿಕೊಂಡು ಹೋಗುವ ಬಳೆ, ಸರ ದಪ್ಪಗಿದ್ದರೆ ಹೊರಡುವಾಗಲೇ ಏರ್‌ಪೋರ್ಟ್ ಕಸ್ಟಮ್ಸ್‌ನಲ್ಲಿ ತೋರಿಸಿ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಮಾಡಿಸಿಕೊಳ್ಳಿ. ವಾಪಸ್ ಬರುವಾಗ ಇದು ನಮ್ಮ ಹಳೇ ಒಡವೆ ಅಂತ ವಾದ ಮಾಡುವ ಕಷ್ಟ ತಪ್ಪುತ್ತದೆ.

ಉಡಿ ಸಾಮಾನಿನಲ್ಲಿ ಹುಷಾರಾಗಿರಬೇಕು. ವೀಳ್ಯದೆಲೆ ದುಬೈನಲ್ಲಿ ನಿಷೇಧ, ಒಯ್ಯಲೇಬೇಡಿ. ಕೊಬ್ಬರಿ ಗಿಟುಕನ್ನು ನಮ್ಮ ಏರ್‌ಪೋರ್ಟಿನಲ್ಲೇ ಚೆಕ್-ಇನ್ ಸೂಟ್‌ಕೇಸಿಂದ ತೆಗೆಸುತ್ತಾರೆ, ಎಣ್ಣೆ ಅಂಶ ಜಾಸ್ತಿ, ಬೆಂಕಿ ಹಿಡಿಯುತ್ತದೆ ಅಂತ. ಅದು ಅಲ್ಲಿಯ ಇಂಡಿಯನ್ ಅಂಗಡಿಗಳಲ್ಲಿ ಸಿಗುತ್ತದೆ. ಎಲ್ಲಕ್ಕಿಂತ ಮುಖ್ಯ ಗಸಗಸೆ. ಬಾಣಂತಿಗೆ ಬೇಕು, ಪಾಯಸಕ್ಕೆ ಬೇಕು ಅಂತ ಒಂದು ಪೊಟ್ಟಣ ಸೇರಿಸಿಬಿಡುತ್ತೀರಿ. ಅಲ್ಲಿ ಅದು ಮಾದಕವಸ್ತುವಿನ ಲೆಕ್ಕ, ಜೈಲಿನವರೆಗೆ ಹೋಗುವ ವಿಷಯ. ಮಸಾಲೆ ಪುಡಿ ಮನೆಯಲ್ಲಿ ಮಾಡಿದ್ದಾದರೆ ಅದರಲ್ಲೂ ಗಸಗಸೆ ಇದೆಯಾ ನೋಡಿ. ಸೀರೆ, ಹಸಿರು ಬಳೆ, ಚಟ್ನಿಪುಡಿ ಧಾರಾಳವಾಗಿ ಒಯ್ಯಿರಿ. ದಾವಣಗೆರೆ ಮಂಡಕ್ಕಿಗೆ ತೂಕದ ಭಯ ಇಲ್ಲ, ಸೂಟ್‌ಕೇಸ್ ಪೂರ್ತಿ ಅದೇ ಆಗುತ್ತದೆ ಅಷ್ಟೇ.

ಪ್ರಶ್ನೆ: ಟೂರ್ ಪ್ಯಾಕೇಜ್ ಬಿಲ್ಲಿನಲ್ಲಿ ಟಿಸಿಎಸ್ ಅಂತ ಸಾವಿರಾರು ರೂಪಾಯಿ ಹಾಕಿದ್ದಾರೆ. ಇದೂ ಏಜೆಂಟರ ಕಮಿಷನ್ನಾ?
– ಬಟ್ಟೆ ವ್ಯಾಪಾರಿ, ದಾವಣಗೆರೆ

ಉತ್ತರ: ಅಲ್ಲ ಸಾರ್, ಅದು ನಿಮ್ಮ ಹೆಸರಲ್ಲಿ ಮುಂಗಡವಾಗಿ ಹಿಡಿದ ತೆರಿಗೆ. ವಿದೇಶಿ ಟೂರ್ ಪ್ಯಾಕೇಜಿಗೆ ಮೊದಲ ರೂಪಾಯಿಂದಲೇ ಹಿಡಿಯುತ್ತಾರೆ. ಎಷ್ಟು ಪರ್ಸೆಂಟ್ ಅನ್ನುವುದು ಬಜೆಟ್ಟಿನಿಂದ ಬಜೆಟ್ಟಿಗೆ ಬದಲಾಗುತ್ತಿದೆ, ಬುಕ್ ಮಾಡುವ ದಿನ ನಿಮ್ಮ ಆಡಿಟರನ್ನು ಕೇಳಿ. ಆ ದುಡ್ಡು ಇನ್‌ಕಮ್ ಟ್ಯಾಕ್ಸ್ ಸೈಟಿನಲ್ಲಿ ನಿಮ್ಮ ಹೆಸರಿನ ತೆರಿಗೆ ಲೆಕ್ಕದ ಪಟ್ಟಿಯಲ್ಲಿ ಕಾಣಬೇಕು. ರಿಟರ್ನ್ ಹಾಕುವಾಗ ತೆರಿಗೆಗೆ ವಜಾ ಆಗುತ್ತದೆ, ಇಲ್ಲ ರೀಫಂಡ್ ಬರುತ್ತದೆ. ಪ್ಯಾನ್ ನಂಬರ್ ಒಂದಂಕಿ ತಪ್ಪಿದರೂ ದುಡ್ಡು ಇನ್ಯಾರದೋ ಹೆಸರಿಗೆ, ಬಿಲ್ಲಿನಲ್ಲಿ ನೋಡಿಕೊಳ್ಳಿ. ಅಮ್ಮನ ಪ್ಯಾನ್ ಕೊಟ್ಟಿದ್ದರೆ, ಅವರಿಗೆ ಆದಾಯ ಇಲ್ಲದಿದ್ದರೂ ರಿಟರ್ನ್ ಹಾಕಿದರೆ ಮಾತ್ರ ವಾಪಸ್ ಬರುತ್ತದೆ. ಫಾರೆಕ್ಸ್ ಕಾರ್ಡಿಗೆ ನೀವೇ ತುಂಬಿಸಿಕೊಳ್ಳುವ ದುಡ್ಡಿಗೆ ವರ್ಷಕ್ಕೆ 10 ಲಕ್ಷ ದಾಟುವವರೆಗೆ ಈ ಕಾಟ ಇಲ್ಲ.

ಪ್ರಶ್ನೆ: ಫೋನ್‌ಪೇ, ಗೂಗಲ್‌ಪೇ ಅಲ್ಲಿ ನಡೆಯುತ್ತಾ? ಇಲ್ಲಿಯ ಸಿಮ್ ತೆಗೆದಿಡಬಹುದಾ?
– ಕಾಲೇಜು ವಿದ್ಯಾರ್ಥಿ, ಹಿರಿಯೂರು

ಉತ್ತರ: ಸಿಂಗಪುರ, ಯುಎಇ, ಶ್ರೀಲಂಕಾ, ಮಾರಿಷಸ್, ನೇಪಾಳ, ಭೂತಾನ್‌ನಲ್ಲಿ ಯುಪಿಐ ಇದೆ, ಆದರೆ ಎಲ್ಲಾ ಅಂಗಡಿಯಲ್ಲೂ ಇಲ್ಲ. ಆಪ್‌ನಲ್ಲಿ ಯುಪಿಐ ಇಂಟರ್‌ನ್ಯಾಷನಲ್ ಆನ್ ಮಾಡಿಕೊಂಡು ಹೋಗಿ, ಆದರೆ ಅದನ್ನೇ ನಂಬಿಕೊಂಡು ಹೋಗಬೇಡಿ.

ಸಿಮ್ ತೆಗೆದಿಟ್ಟರೆ ಓಟಿಪಿ ಎಲ್ಲಿಗೆ ಬರುತ್ತದೆ? ಫೋನಲ್ಲೇ ಇರಲಿ, ರೋಮಿಂಗ್ ಚಾಲೂ ಮಾಡಿಸಿ, ಡೇಟಾ ರೋಮಿಂಗ್ ಮಾತ್ರ ಆಫ್ ಇಡಿ. ನೆಟ್ಟಿಗೆ ಅಲ್ಲಿಯ ಸಿಮ್ಮೋ ಇ-ಸಿಮ್ಮೋ ಹಾಕಿಕೊಳ್ಳಿ. ಕಾರ್ಡಿನ ಇಂಟರ್‌ನ್ಯಾಷನಲ್ ಬಳಕೆ 2020ರ ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಮೊದಲಿಗೆ ಬಂದ್ ಇರುತ್ತದೆ, ಬ್ಯಾಂಕ್ ಆಪ್‌ನಲ್ಲಿ ನೀವೇ ತೆರೆಯಬೇಕು, ಮಿತಿಯನ್ನೂ ಹಾಕಬೇಕು. ವಾಪಸ್ ಬಂದ ದಿನವೇ ಮತ್ತೆ ಬಂದ್ ಮಾಡಿ. ವಿದೇಶಿ ವೆಬ್‌ಸೈಟುಗಳು ಎಷ್ಟೋ ಸಲ ಓಟಿಪಿ ಕೇಳದೆಯೇ ದುಡ್ಡು ತೆಗೆಯುತ್ತವೆ.

ಪ್ರಶ್ನೆ: ಉಳಿದ ಡಾಲರ್ ಮನೆಯಲ್ಲೇ ಇಟ್ಟುಕೊಳ್ಳಬಹುದಾ? – ಚಳ್ಳಕೆರೆ

ಉತ್ತರ: 2,000 ಅಮೆರಿಕನ್ ಡಾಲರಿನವರೆಗೆ ಇಟ್ಟುಕೊಳ್ಳಬಹುದು. ಅದಕ್ಕಿಂತ ಜಾಸ್ತಿ ಇದ್ದದ್ದನ್ನು ಬಂದ 180 ದಿನದೊಳಗೆ ಬ್ಯಾಂಕಿಗೋ ಮನಿ ಚೇಂಜರ್‌ಗೋ ಕೊಡಬೇಕು. ಚಿಲ್ಲರೆ ಕಾಸು ಯಾರೂ ತಗೊಳ್ಳಲ್ಲ, ಅಲ್ಲಿಯ ಏರ್‌ಪೋರ್ಟಲ್ಲೇ ಒಂದು ಕಾಫಿ ಕುಡಿದು ಖಾಲಿ ಮಾಡಿ.

ಪ್ರಶ್ನೆ: ಪಶುಪತಿನಾಥನ ದರ್ಶನಕ್ಕೆ ಹೊರಟಿದ್ದೇವೆ. ನೇಪಾಳಕ್ಕೆ ಆಧಾರ್, 500ರ ನೋಟು ಸಾಕಲ್ವಾ? – ಹೊನ್ನಾಳಿ

ಉತ್ತರ: ಎರಡೂ ಸಾಲದು. ವಿಮಾನದಲ್ಲಿ ಹೋಗುವವರಿಗೆ ಪಾಸ್‌ಪೋರ್ಟ್ ಇಲ್ಲವೇ ಚುನಾವಣಾ ಗುರುತಿನ ಚೀಟಿ ಬೇಕು. ಆಧಾರ್ ನಡೆಯುವುದು 15 ವರ್ಷದೊಳಗಿನ ಮಕ್ಕಳಿಗೆ, 65 ದಾಟಿದವರಿಗೆ. ದುಡ್ಡು 100 ರೂಪಾಯಿ ನೋಟಿನಲ್ಲೇ ಒಯ್ಯಿರಿ, ದೊಡ್ಡ ನೋಟು ಅಲ್ಲಿಯ ಸಣ್ಣ ಅಂಗಡಿಗಳು ಮುಟ್ಟಲು ಹಿಂದೆಮುಂದೆ ನೋಡುತ್ತವೆ. ನಮ್ಮ 100ಕ್ಕೆ ಅವರ 160, ಇದು ಗೊತ್ತುಮಾಡಿದ ದರ. ಅಂಗಡಿಯವನು 150 ಅಂದರೆ ಮುಂದಿನ ಅಂಗಡಿಗೆ ಹೋಗಿ.

ಪ್ರಶ್ನೆ: ಥೈಲ್ಯಾಂಡಿನ ಅರೈವಲ್ ಕಾರ್ಡ್‌ಗೆ ಆನ್‌ಲೈನಲ್ಲಿ ತಲೆಗೆ ಇಷ್ಟು ಅಂತ ಫೀಸು ಕೇಳ್ತಿದೆ. ಕಟ್ಟೋದಾ? – ಹೊಳಲ್ಕೆರೆ

ಉತ್ತರ: ಕಟ್ಟಬೇಡಿ. 2025ರ ಮೇ 1ರಿಂದ ಥೈಲ್ಯಾಂಡಿಗೆ ಡಿಜಿಟಲ್ ಅರೈವಲ್ ಕಾರ್ಡ್ ತುಂಬಬೇಕು, ಆದರೆ ಅದು ಬಿಟ್ಟಿ. ಸಿಂಗಪುರದ್ದೂ ಮಲೇಷ್ಯಾದ್ದೂ ಬಿಟ್ಟಿಯೇ. ಗೂಗಲ್‌ನಲ್ಲಿ ಮೇಲುಗಡೆ ಜಾಹೀರಾತಾಗಿ ಬರುವ ಸೈಟುಗಳು ಸರ್ಕಾರದ್ದರ ಹಾಗೇ ಕಾಣುತ್ತವೆ, ಅವೇ ದುಡ್ಡು ಕೇಳುವುದು. ಆಯಾ ದೇಶದ ಇಮಿಗ್ರೇಷನ್ ಇಲಾಖೆಯ ಸೈಟಿನಲ್ಲಿ, ಇಳಿಯುವ ಮೂರು ದಿನದೊಳಗೆ ತುಂಬಿ. ಅದಕ್ಕಿಂತ ಮೊದಲು ಯಾರಾದರೂ ‘ಈಗಲೇ ಕಟ್ಟಿ, ಸೀಟು ಮುಗಿಯುತ್ತೆ’ ಅಂದರೆ ಆ ಪುಟ ಮುಚ್ಚಿ.