ಹೆಬ್ಬೆರಳಿನ ತೀರ್ಪು ಮತ್ತು 46ನೆಯ ಕೋಣೆ

ಓದುಗರೊಬ್ಬರ ಪತ್ರ: “ಅಡ್ವೆಂಚರ್ ಗೇಮ್ ಎಂದು ನಂಬಿ ‘ಬ್ಲೂ ಪ್ರಿನ್ಸ್’ ಎಂಬ ವಿಡಿಯೊ ಗೇಮ್ ಆಡಲು ಕುಳಿತೆ. 11 ಗಂಟೆ ಆಡಿದ ಮೇಲೆ ಅನ್ನಿಸಿದ್ದಿಷ್ಟು: ಒಗಟು ಬಿಡಿಸಲು ಬಂದವನ ಕೈಗೆ ಇವರು ದಾಳ ಕೊಟ್ಟಿದ್ದಾರೆ. ಏನು ಮಾಡಬೇಕೆಂದು ಗೊತ್ತಿದ್ದರೂ ಬೇಕಾದ ಕೋಣೆ ಬರುವುದಿಲ್ಲ. ಆಟದ ಪ್ರತಿ ದಿನವೂ ನೇರವಾಗಿ ಮನೆಯ ಮೇಲಿನ ಸಾಲಿಗೆ ಓಡುತ್ತೇನೆ, ತಲುಪದೆ ದಿನ ವ್ಯರ್ಥವಾಗುತ್ತದೆ. ಆಟಗಾರರ ಅಭಿಪ್ರಾಯ ನೋಡೋಣವೆಂದರೆ ಒಬ್ಬರು ವರ್ಷದ ಶ್ರೇಷ್ಠ ಆಟ ಎನ್ನುತ್ತಾರೆ, ಇನ್ನೊಬ್ಬರು ಶುದ್ಧ ಕಾಲಹರಣ ಎನ್ನುತ್ತಾರೆ. ಯಾರನ್ನು ನಂಬುವುದು? ಒಂದು ಆಟ ಒಂದೇ ಕೆಲಸವನ್ನು ನೆಟ್ಟಗೆ ಮಾಡಿದರೆ ಸಾಲದೇ? ಇಂಥ ಕಲಬೆರಕೆಗಳನ್ನು ನಿಮ್ಮ ಪತ್ರಿಕೆ ಏಕೆ ಹೊತ್ತು ಮೆರೆಸುತ್ತದೆ? ಅಂದಹಾಗೆ, ಆ ಮನೆಯ ಗೋಡೆಗಳ ಮೇಲೆ ಎರಡೆರಡು ಚಿತ್ರಗಳು ಕಾಣುತ್ತವೆ, ಅದಕ್ಕೇನಾದರೂ ಅರ್ಥವಿದೆಯೇ?”

ಸಂಪಾದಕರ ಉತ್ತರ:

ಪ್ರಿಯ ಓದುಗರೇ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಬೇಸರವನ್ನು ಇಷ್ಟು ಸ್ಪಷ್ಟವಾಗಿ ಬರೆಯುವವರು ಕಡಿಮೆ, ಅದಕ್ಕಾಗಿ ಮೊದಲು ನಿಮಗೆ ಕೃತಜ್ಞತೆ. ಆದರೆ ‘ಕಲಬೆರಕೆ’ ಎಂಬ ಒಂದು ಪದ ನನ್ನನ್ನು ಸುಮ್ಮನಿರಲು ಬಿಡಲಿಲ್ಲ. ಕೊಳ್ಳುವವನ ಕಣ್ಣಿಗೆ ಮಣ್ಣೆರಚಿ ಸೇರಿಸಿದ್ದನ್ನು ಕಲಬೆರಕೆ ಎನ್ನಬೇಕು. ಎರಡು ಬಗೆಯ ಆಟಗಳನ್ನು ಎಲ್ಲರ ಎದುರಿಗೇ, ವರ್ಷಗಟ್ಟಲೆ ಕುಳಿತು, ಒಂದು ಇನ್ನೊಂದರ ಬೆನ್ನಿಗೆ ನಿಲ್ಲುವಂತೆ ಹೆಣೆದವನ ಕೆಲಸಕ್ಕೆ ಆ ಹೆಸರು ಸಲ್ಲದು.

ಆಟವನ್ನು ನೋಡದ ಓದುಗರಿಗಾಗಿ ನಾಲ್ಕು ಮಾತು ಹೇಳುತ್ತೇನೆ. ‘ಬ್ಲೂ ಪ್ರಿನ್ಸ್’ 2025ರ ಏಪ್ರಿಲ್‌ನಲ್ಲಿ ಬಂದದ್ದು. ಟೋಂಡಾ ರೋಸ್ ಎಂಬ ವಿನ್ಯಾಸಕಾರರು ತಮ್ಮ ಡೋಗುಬಾಂಬ್ ಸ್ಟುಡಿಯೊದಲ್ಲಿ ಸುಮಾರು 8 ವರ್ಷ ಇದರ ಮೇಲೆ ದುಡಿದರು. ಸೈಮನ್ ಎಂಬ ಹುಡುಗನಿಗೆ ಅವನ ಅಜ್ಜನ ಪೀಳಿಗೆಯ ಹಿರಿಯರೊಬ್ಬರು ಮೌಂಟ್ ಹಾಲಿ ಎಂಬ ಬಂಗಲೆಯನ್ನು ಉಯಿಲಿನಲ್ಲಿ ಬರೆದಿಟ್ಟಿದ್ದಾರೆ, ಆದರೆ ಷರತ್ತೊಂದಿದೆ: 45 ಕೋಣೆಗಳ ಆ ಮನೆಯಲ್ಲಿ 46ನೆಯ ಕೋಣೆಯನ್ನು ಅವನು ಹುಡುಕಬೇಕು. ಮನೆಯ ನಕ್ಷೆ ಐದು ಸಾಲು ಅಗಲ, ಒಂಬತ್ತು ಸಾಲು ಉದ್ದ. ಪ್ರತಿ ಬಾಗಿಲನ್ನು ತೆರೆಯುವಾಗ ಮೂರು ಕೋಣೆಗಳ ನಕ್ಷೆ ಎದುರಿಗೆ ಬರುತ್ತದೆ. ಆರಿಸಿದ ಕೋಣೆ ಬಾಗಿಲಿನ ಆಚೆ ಮೂಡುತ್ತದೆ. ದಿನದ ಆರಂಭದಲ್ಲಿ 50 ಹೆಜ್ಜೆ ಸಿಗುತ್ತವೆ, ಕೋಣೆಯಿಂದ ಕೋಣೆಗೆ ಕಾಲಿಟ್ಟಾಗಲೆಲ್ಲ ಒಂದು ಖರ್ಚಾಗುತ್ತದೆ. ಹೆಜ್ಜೆ ತೀರಿದರೆ ದಿನ ಮುಗಿಯಿತು, ಮರುದಿನ ಮನೆ ಮತ್ತೆ ಖಾಲಿ. ಅಂದರೆ ಇದರಲ್ಲಿ ನಡೆದು ನೋಡುವ ಅಡ್ವೆಂಚರ್ ಇದೆ, ಒಗಟಿದೆ, ಸೋತರೆ ಮೊದಲಿನಿಂದ ಹೊರಡುವ ರೋಗ್‌ಲೈಕ್ ಇದೆ, ಮೇಜಿನ ಮೇಲೆ ಎಲೆ ಹಾಕಿ ಆಡುವ ಆಟದ ಲೆಕ್ಕಾಚಾರವೂ ಇದೆ.

ನಿಮ್ಮ ದೂರಿನಲ್ಲಿ ಸತ್ಯವಿಲ್ಲವೆಂದು ನಾನು ಹೇಳಲಾರೆ. ಆಟ ಮುಂದುವರಿದಂತೆ, ಇಂಥ ಎರಡು ಕೋಣೆಗಳು ಒಂದೇ ದಿನ ಸಿಕ್ಕರೆ ಸಾಕು ಎಂದು ಸ್ಪಷ್ಟವಾಗಿ ತಿಳಿದಿರುವಾಗಲೂ ಮೂರ್ನಾಲ್ಕು ದಿನ ಅವು ಕಾಣದೆ ಹೋಗುವುದುಂಟು. ಬಿಡುಗಡೆಯಾದ ಹೊತ್ತಿಗೆ ದಿನದ ನಡುವೆ ಆಟವನ್ನು ಸೇವ್ ಮಾಡಿ ಏಳುವ ಅನುಕೂಲವೂ ಇರಲಿಲ್ಲ. ಮನೆಗೆಲಸದ ಮಧ್ಯೆ ಅರ್ಧ ಗಂಟೆ ಬಿಡುವು ಮಾಡಿಕೊಂಡು ಆಡುವವರಿಗೆ ಅದು ನಿಜಕ್ಕೂ ಅನ್ಯಾಯ.

ಆದರೆ ‘ದಾಳ ಕೊಟ್ಟಿದ್ದಾರೆ’ ಎಂಬ ಮಾತಿಗೆ ಬರೋಣ. ದಾಳದಲ್ಲಿ ಬಿದ್ದದ್ದು ಬಿತ್ತು, ಆಡುವವನ ಮಾತಿಗೆ ಅಲ್ಲಿ ಬೆಲೆಯಿಲ್ಲ. ಇಲ್ಲಿ ಹಾಗಲ್ಲ. ಒಮ್ಮೆ ಇಟ್ಟ ಕೋಣೆ ಸಾಮಾನ್ಯವಾಗಿ ಆ ದಿನ ಮತ್ತೆ ಬರುವುದಿಲ್ಲ. ಹಾಗಾಗಿ ಮುಂದೆ ದಾರಿಯಿಲ್ಲದ ಕುರುಡು ಕೋಣೆಗಳನ್ನು ಕೆಳಗಿನ ಸಾಲುಗಳ ಅಂಚಿನಲ್ಲೇ ಇಟ್ಟು ತೀರಿಸಿದರೆ, ಮೇಲಿನ ಸಾಲುಗಳಿಗೆ ಹೋದಾಗ ಬಾಗಿಲಿರುವ ಕೋಣೆಗಳು ಹೆಚ್ಚಾಗಿ ಉಳಿದಿರುತ್ತವೆ. ನೀವು 11 ಗಂಟೆಯಲ್ಲಿ ಏನು ಮಾಡಿದಿರೆಂದು ನಿಮ್ಮ ಪತ್ರವೇ ಹೇಳುತ್ತದೆ: ಪ್ರತಿ ದಿನವೂ ನೇರವಾಗಿ ಮೇಲಿನ ಸಾಲಿಗೆ ಓಡಿದಿರಿ, ತಲುಪದಿದ್ದಾಗ ದಿನ ವ್ಯರ್ಥವಾಯಿತೆಂದು ಬರೆದಿರಿ. ಈ ಮನೆಗೆ ಒಂದೇ ಪ್ರಶ್ನೆ ಹಿಡಿದು ಹೋಗುವವನು ಬರಿಗೈಯಲ್ಲಿ ಮರಳುತ್ತಾನೆ. ಐದಾರು ಪ್ರಶ್ನೆಗಳನ್ನು ಜೇಬಿನಲ್ಲಿಟ್ಟುಕೊಂಡು ಹೋದವನಿಗೆ ಮೂರು ನಕ್ಷೆಗಳಲ್ಲಿ ಯಾವುದಾದರೊಂದು ಉಪಯೋಗಕ್ಕೆ ಬಂದೇ ಬರುತ್ತದೆ. ಅದೃಷ್ಟವನ್ನು ತೆಗೆದುಹಾಕಿದ್ದರೆ ನೀವು ಆ ಒಂದೇ ಪ್ರಶ್ನೆಯ ಬೆನ್ನು ಹತ್ತಿ ಎರಡು ಸಂಜೆಯಲ್ಲಿ ಮುಗಿಸಿಬಿಡುತ್ತಿದ್ದಿರಿ, ಉಳಿದ ಮನೆಯನ್ನು ನೋಡುತ್ತಲೇ ಇರಲಿಲ್ಲ.

ಇದನ್ನು ನಾನು ಕಲಿತದ್ದು ನನ್ನ ಅಕ್ಕನ ಮಗಳಿಂದ. ಅವಳಿಗೆ ಹದಿಮೂರು ವರ್ಷ. ಟಿಪ್ಪಣಿಗೆ ಒಂದು ಪುಸ್ತಕ ಇಟ್ಟುಕೊಳ್ಳಿ ಎಂದು ಆಟ ಆರಂಭದಲ್ಲೇ ಸೂಚಿಸುತ್ತದೆ. ನಾನು ಆ ಮಾತನ್ನು ದಾಟಿ ಮುಂದೆ ಹೋದೆ, ಅವಳು ಎದ್ದುಹೋಗಿ ಗೆರೆ ಹಾಕಿದ ಹಳೆಯ ನೋಟ್‌ಬುಕ್ ತಂದಳು. ಪಾರ್ಲರ್ ಎಂಬ ಕೋಣೆಯಲ್ಲಿ ಮೇಜಿನ ಮೇಲೆ ನೀಲಿ, ಬಿಳಿ, ಕಪ್ಪು ಬಣ್ಣದ ಮೂರು ಪೆಟ್ಟಿಗೆಗಳಿರುತ್ತವೆ, ಒಂದರಲ್ಲಿ ಮಾತ್ರ ರತ್ನಗಳಿರುತ್ತವೆ. ಪ್ರತಿ ಪೆಟ್ಟಿಗೆಯ ಮೇಲೂ ಬರಹವಿದೆ. ಕಡಿಮೆಯೆಂದರೆ ಒಂದು ಪೆಟ್ಟಿಗೆಯ ಮೇಲಿರುವುದು ಪೂರ್ತಿ ನಿಜ, ಕಡಿಮೆಯೆಂದರೆ ಒಂದರ ಮೇಲಿರುವುದು ಪೂರ್ತಿ ಸುಳ್ಳು. ತೆರೆಯಲು ಇರುವುದು ಒಂದೇ ಅವಕಾಶ. ಮೊದಲ ದಿನಗಳಲ್ಲಿ ಅರೆ ನಿಮಿಷದಲ್ಲಿ ಬಿಡಿಸಬಹುದಾದ ಈ ಒಗಟು ಬರಬರುತ್ತ ಬಿಗಿಯಾಗುತ್ತದೆ. ಅವಳು ‘ನೀಲಿಯದು ನಿಜವಾದರೆ’ ಎಂದು ಬರೆದು ಕೆಳಗೆ ಎರಡು ಗೆರೆ ಎಳೆದು, ಒಂದೊಂದನ್ನೂ ಬೆರಳಿಟ್ಟು ಓದಿ ಕಾಟು ಹಾಕುತ್ತ ಹೋಗುವುದನ್ನು ನಾನು ಪಕ್ಕದಲ್ಲಿ ಕುಳಿತು ನೋಡಿದೆ. ಆ ದಿನ ನಾವು ನಾಲ್ಕನೆಯ ಸಾಲನ್ನೂ ದಾಟಲಿಲ್ಲ. “ಛೆ, ದಿನ ಹೋಯಿತು” ಎಂದೆ. “ಮಾಮ, ಇವತ್ತು ಎರಡು ಪುಟ ತುಂಬಿದೆ” ಎಂದು ಅವಳು ನೋಟ್‌ಬುಕ್ ತಿರುಗಿಸಿ ತೋರಿಸಿದಳು.

ಈಗ ‘ಒಂದೇ ಕೆಲಸ’ದ ವಿಚಾರ. ಅಡ್ವೆಂಚರ್ ಎಂಬ ಪ್ರಕಾರಕ್ಕೆ ಹೆಸರು ಬಂದದ್ದೇ 1976ರಲ್ಲಿ ವಿಲ್ ಕ್ರೌಥರ್ ಬರೆದ, ಮರುವರ್ಷ ಡಾನ್ ವುಡ್ಸ್ ಬೆಳೆಸಿದ ‘ಅಡ್ವೆಂಚರ್’ ಎಂಬ ಪಠ್ಯರೂಪದ ಆಟದಿಂದ. ಕ್ರೌಥರ್ ಗುಹೆಗಳಲ್ಲಿ ಇಳಿದು ನಕ್ಷೆ ಮಾಡುತ್ತಿದ್ದವರು, ಜೊತೆಗೆ ಗೆಳೆಯರೊಂದಿಗೆ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಡುತ್ತಿದ್ದವರು. ತಾವು ನೋಡಿದ ನಿಜವಾದ ಗುಹೆಯ ನಕ್ಷೆಯನ್ನೂ ಮೇಜಿನ ಆಟದ ಮಾಯಾಲೋಕವನ್ನೂ ಕೂಡಿಸಿ ಅವರು ಅದನ್ನು ಕಟ್ಟಿದರು. ಅದರಲ್ಲಿ ಕುಬ್ಜರು ಎಲ್ಲಿಂದಲೋ ಎದುರಾಗಿ ಆಯುಧ ಎಸೆಯುತ್ತಿದ್ದರು, ತಗಲುವುದೂ ತಪ್ಪುವುದೂ ಅದೃಷ್ಟಕ್ಕೆ ಬಿಟ್ಟದ್ದು. ವುಡ್ಸ್ ಬೆಳೆಸಿದ ಆಟದಲ್ಲಿ ಕೈದೀಪದ ಬ್ಯಾಟರಿಗೂ ಮಿತಿಯಿತ್ತು. ಅದು ತೀರಿದರೆ ಕತ್ತಲು. ದೀಪದ ಆಯುಸ್ಸನ್ನು ಎಣಿಸುತ್ತ ನಡೆಯುವುದಕ್ಕೂ 50 ಹೆಜ್ಜೆಗಳನ್ನು ಎಣಿಸುತ್ತ ನಡೆಯುವುದಕ್ಕೂ ಎಷ್ಟು ದೂರ? ನೀವು ಯಾವ ಶುದ್ಧ ಅಡ್ವೆಂಚರ್‌ಗಾಗಿ ಹಂಬಲಿಸುತ್ತಿದ್ದೀರೋ ಅದರ ಮೂಲಪುರುಷನಲ್ಲೇ ದಾಳವೂ ಇತ್ತು, ಲೆಕ್ಕವೂ ಇತ್ತು.

ಉಳಿದ ಹೆಸರುಗಳ ಕಥೆಯೂ ಇಷ್ಟೇ. ‘ರೋಗ್‌ಲೈಕ್’ ಎಂದರೆ 1980ರ ‘ರೋಗ್’ ಎಂಬ ಆಟದಂಥದ್ದು ಎಂದು ಮಾತ್ರ ಅರ್ಥ. 2008ರಲ್ಲಿ ಬರ್ಲಿನ್‌ನಲ್ಲಿ ಸೇರಿದ ವಿನ್ಯಾಸಕಾರರು ಯಾವುದಕ್ಕೆ ಆ ಹೆಸರು ಸಲ್ಲಬೇಕೆಂದು ಲಕ್ಷಣಗಳ ಪಟ್ಟಿ ಮಾಡಿದರು. ಆ ಪಟ್ಟಿ ಹಿಡಿದು ಇದು ರೋಗ್‌ಲೈಕ್ ಅಲ್ಲ, ಅದು ಅಲ್ಲ ಎಂದು ಆಟಗಾರರು ಇಂದಿಗೂ ಕಾದಾಡುತ್ತಾರೆ. 1989ರಲ್ಲಿ ಸಿಯೆರಾ ಸಂಸ್ಥೆಯಿಂದ ಬಂದ ‘ಹೀರೋಸ್ ಕ್ವೆಸ್ಟ್’, ಮುಂದೆ ‘ಕ್ವೆಸ್ಟ್ ಫಾರ್ ಗ್ಲೋರಿ’ ಎಂದು ಹೆಸರು ಬದಲಿಸಿಕೊಂಡದ್ದು, ಅಡ್ವೆಂಚರ್‌ಗೆ ರೋಲ್ ಪ್ಲೇಯಿಂಗ್, ಅಂದರೆ ಒಂದು ಪಾತ್ರ ವಹಿಸಿ ಅದರ ಕೌಶಲ ಬೆಳೆಸುವ ಆಟವನ್ನು, ಸೇರಿಸಿ ಒಂದೇ ತೊಡಕನ್ನು ಯೋಧ ಒಂದು ಬಗೆಯಲ್ಲಿ, ಮಾಂತ್ರಿಕ ಇನ್ನೊಂದು ಬಗೆಯಲ್ಲಿ, ಕಳ್ಳ ಮತ್ತೊಂದು ಬಗೆಯಲ್ಲಿ ಬಿಡಿಸುವಂತೆ ಮಾಡಿತ್ತು. ಗದ್ಯಪದ್ಯಗಳನ್ನು ಬೆರೆಸಿದ ಚಂಪುವಿನಲ್ಲಿ ಬೆಳೆದ ಸಾಹಿತ್ಯದ ಓದುಗರಾದ ನಾವು ಬೆರೆತದ್ದನ್ನು ಕಂಡು ಮೂಗು ಮುರಿಯಬಾರದು.

ಆಟಗಾರರ ಅಭಿಪ್ರಾಯ ಎರಡು ಹೋಳಾಗಿದೆ, ಯಾರನ್ನು ನಂಬುವುದು ಎಂದು ಕೇಳಿದ್ದೀರಿ. ನನ್ನ ಅನುಭವದಲ್ಲಿ, ಬೆರೆತ ಆಟದ ಬಗ್ಗೆ ಬರುವ ಕೋಪದಲ್ಲಿ ಮುಕ್ಕಾಲು ಪಾಲು ಆಟದ ಮೇಲಿನದಲ್ಲ, ಅದಕ್ಕೆ ಅಂಟಿಸಿದ ಪ್ರಕಾರದ ಹೆಸರಿನ ಚೀಟಿಯ ಮೇಲಿನದು. 2009ರಲ್ಲಿ ಡಬಲ್ ಫೈನ್ ಸ್ಟುಡಿಯೊದ ‘ಬ್ರೂಟಲ್ ಲೆಜೆಂಡ್’ ಬಂತು. ಅದರ ಡೆಮೊದಲ್ಲಿ, ಅಂದರೆ ಮಾದರಿ ತುಣುಕಿನಲ್ಲಿ, ಕಂಡದ್ದು ಕೊಡಲಿ ಬೀಸುವ ಹೊಡೆದಾಟ. ಆಟದೊಳಗೆ ಹೋದವರಿಗೆ ಸಿಕ್ಕಿದ್ದು ಸೈನ್ಯ ಕಟ್ಟಿ ಆಜ್ಞೆ ಕೊಡುವ ಸ್ಟ್ರಾಟೆಜಿ ಯುದ್ಧಗಳು. ಜನ ಸಿಟ್ಟಾದರು. ಆ ಯುದ್ಧಗಳನ್ನು ಯುದ್ಧಗಳಾಗಿ ನೋಡಿ, ಇಲ್ಲಿ ಇದು ಸರಿ, ಇದು ತಪ್ಪು ಎಂದು ಬರೆದವರು ಬೆರಳೆಣಿಕೆಯಷ್ಟು. ಹತ್ತು ವರ್ಷದ ಮೇಲೆ ಬಂದ ‘ಡಿಸ್ಕೊ ಎಲಿಸಿಯಮ್’ನಲ್ಲಿ ರೋಲ್ ಪ್ಲೇಯಿಂಗ್ ಆಟಗಳ ರೂಢಿಯ ಹೊಡೆದಾಟವೇ ಇಲ್ಲ, 24 ಕೌಶಲಗಳು ನಾಯಕನ ತಲೆಯೊಳಗಿಂದ ಮಾತಾಡುತ್ತವೆ, ಎರಡು ದಾಳಗಳು ಉರುಳಿ ಅವನ ಮಾತು ನಾಟಿತೋ ಇಲ್ಲವೋ ತೀರ್ಮಾನಿಸುತ್ತವೆ. ಅಲ್ಲಿ ಸೋಲು ಕೂಡ ಕಥೆಯನ್ನು ಮುಂದಕ್ಕೆ ಒಯ್ಯುತ್ತದೆ, ಕೆಲವೊಮ್ಮೆ ಗೆಲುವಿಗಿಂತ ಸೊಗಸಾಗಿ. ಅದೇ 2019ರ ‘ಔಟರ್ ವೈಲ್ಡ್ಸ್’ನಲ್ಲಿ 22 ನಿಮಿಷಕ್ಕೊಮ್ಮೆ ಎಲ್ಲವೂ ಮೊದಲಿಗೆ ಮರಳುತ್ತದೆ, ನಿಮ್ಮ ಬಳಿ ಉಳಿಯುವುದು ನೀವು ತಿಳಿದುಕೊಂಡದ್ದು ಮಾತ್ರ. ಅದನ್ನು ನನ್ನ ಸಹೋದ್ಯೋಗಿಯೊಬ್ಬರು ಒಂದು ಗಂಟೆ ಆಡಿ, ಏನು ಮಾಡಬೇಕೆಂದು ಯಾರೂ ಹೇಳುವುದಿಲ್ಲವೆಂದು ಬೇಸತ್ತು ಬಿಟ್ಟಿದ್ದರು. ಆರು ತಿಂಗಳ ನಂತರ ಮರಳಿ ಆಡಿದವರು ಒಂದು ಬೆಳಿಗ್ಗೆ ನನ್ನ ಮೇಜಿನ ಬಳಿ ಬಂದು, ಕಥೆ ಹೇಳಲಾರದೆ, ಹೇಳದೆ ಇರಲೂ ಆಗದೆ ನಿಂತದ್ದು ನನಗೆ ನೆನಪಿದೆ. ಅವರು ಮೊದಲ ದಿನವೇ ಅಭಿಪ್ರಾಯ ಬರೆದಿದ್ದರೆ ಅದು ಇಂದಿಗೂ ಅಲ್ಲೇ ಇರುತ್ತಿತ್ತು.

ಇಲ್ಲಿಂದ ನನ್ನ ಹಳೆಯ ನೋವೊಂದನ್ನು ಹೇಳಿಕೊಳ್ಳುತ್ತೇನೆ. ಕಂಪ್ಯೂಟರ್ ಆಟಗಳನ್ನು ಮಾರುವ ಸ್ಟೀಮ್ ಎಂಬ ಆನ್‌ಲೈನ್ ಅಂಗಡಿಯಲ್ಲಿ ಅಭಿಪ್ರಾಯವೆಂದರೆ ಹೆಬ್ಬೆರಳು ಮೇಲೆ ಅಥವಾ ಕೆಳಗೆ, ನಡುವೆ ಏನೂ ಇಲ್ಲ. ಅರವತ್ತು ಗಂಟೆ ಆಡಿ ಕೊನೆಯ ಒಂದು ಒಗಟಿಗೆ ಮುನಿದವರದೂ ಒಂದು ಮತ, ಅರ್ಧ ಗಂಟೆಯಲ್ಲಿ ಎದ್ದವರದೂ ಒಂದು ಮತ. ಎಷ್ಟು ಗಂಟೆ ಆಡಿದರೆಂದು ಪಕ್ಕದಲ್ಲೇ ಕಾಣುತ್ತದೆ, ನಿಜ. ಆದರೆ ಮೇಲಿರುವ ಒಟ್ಟು ಶೇಕಡಾ ಅಂಕಿಯನ್ನು ಮಾತ್ರ ನೋಡಿ ಹೋಗುವವರೇ ಹೆಚ್ಚು. 2015ರಿಂದ ಅಲ್ಲಿ, ಕೊಂಡ 14 ದಿನದೊಳಗೆ, ಆಡಿದ್ದು 2 ಗಂಟೆಗಿಂತ ಕಡಿಮೆಯಾಗಿದ್ದರೆ, ಹಣ ವಾಪಸು ಕೇಳಬಹುದು. ಗ್ರಾಹಕರ ಹಕ್ಕಾಗಿ ಅದು ಒಳ್ಳೆಯದೇ, ಅದನ್ನು ಕಿತ್ತುಕೊಳ್ಳಬೇಕೆಂದು ನಾನು ಹೇಳುವವನಲ್ಲ. ಆದರೆ ಎರಡು ಗಂಟೆಯಲ್ಲೇ ಒಲಿಸಿಕೊಳ್ಳಬೇಕೆಂಬ ಭಯ ವಿನ್ಯಾಸಕಾರರ ನೆತ್ತಿಯ ಮೇಲೆ ಕುಳಿತಿರುತ್ತದೆ, ಮತ್ತು ಆ ಭಯದಿಂದ ಹೆಚ್ಚು ನಷ್ಟವಾಗುವುದು ತನ್ನ ಎರಡನೆಯ ಮುಖವನ್ನು ನಿಧಾನವಾಗಿ ತೋರುವ ಬೆರೆತ ಆಟಕ್ಕೆ. ‘ಬ್ಲೂ ಪ್ರಿನ್ಸ್’ನ ಎರಡನೆಯ ಗಂಟೆಯಲ್ಲಿ ನಾನು ಕೂಡ ಅದು ಕೋಣೆ ಜೋಡಿಸುವ ಚಂದದ ಆಟ ಎಂದಷ್ಟೇ ತಿಳಿದಿದ್ದೆ.

ನಮ್ಮ ಪತ್ರಿಕೆಯೂ ಹಿಂದೆ ಹತ್ತಕ್ಕೆ ಇಷ್ಟು ಎಂದು ಅಂಕ ಕೊಡುತ್ತಿತ್ತು. ಅದನ್ನು ನಿಲ್ಲಿಸಿದಾಗ ಬಂದ ಬೈಗುಳದ ಪತ್ರಗಳ ಕಟ್ಟು ಈಗಲೂ ನನ್ನ ಕಪಾಟಿನಲ್ಲಿದೆ. ನಿಲ್ಲಿಸಿದ್ದಕ್ಕೆ ನನಗೆ ಒಂದು ದಿನವೂ ಪಶ್ಚಾತ್ತಾಪವಾಗಿಲ್ಲ. ಹತ್ತಕ್ಕೆ ಏಳು ಎಂದರೆ ಯಾರಿಗೆ ಏನು ತಿಳಿಯುತ್ತದೆ? ಯಾವ ಕೋಣೆಯಲ್ಲಿ ಸಿಕ್ಕಿಕೊಂಡಿರಿ, ಎಷ್ಟನೆಯ ದಿನ ಕೈಚೆಲ್ಲಿದಿರಿ, ಕೈಯಲ್ಲಿ ಎಷ್ಟು ಬೀಗದ ಕೈ ಉಳಿದಿದ್ದವು ಎಂದು ಬರೆದರೆ, ನಿಮಗೆ ಬೇಸರ ತಂದದ್ದೇ ತನಗೆ ಇಷ್ಟವಾಗಬಹುದೆಂದು ಇನ್ನೊಬ್ಬ ಓದುಗ ಅಳೆದುಕೊಳ್ಳಬಲ್ಲ. ಯಾರನ್ನು ನಂಬುವುದೆಂದು ಕೇಳಿದಿರಲ್ಲ, ಹಾಗೆ ಬರೆಯುವವರನ್ನು ನಂಬಿ, ಅವರು ಹೊಗಳಲಿ, ತೆಗಳಲಿ. ನಿಮ್ಮ ಪತ್ರವೂ ಬಹುಪಾಲು ಅಂಥದ್ದೇ, ಆದ್ದರಿಂದಲೇ ನೂರಾರು ಪತ್ರಗಳ ನಡುವೆ ಅದನ್ನು ಆರಿಸಿದೆ. ಅದರಲ್ಲಿ ನನಗೆ ಬೇಡವಾದದ್ದು ‘ಕಲಬೆರಕೆ’ ಎಂಬ ಆ ಒಂದು ಪದ ಮಾತ್ರ.

ಕೊನೆಯದಾಗಿ ಗೋಡೆಯ ಚಿತ್ರಗಳ ಬಗ್ಗೆ. ಇಡೀ ಪತ್ರದ ಕೋಪ ಮುಗಿದ ಮೇಲೆ ‘ಅಂದಹಾಗೆ’ ಎಂದು ಸೇರಿಸಿದ ಆ ಸಾಲನ್ನು ಓದಿ ನನಗೆ ಬಹಳ ಸಂತೋಷವಾಯಿತು. ಬೇಕಾದ ಕೋಣೆ ಬಾರದೆ ಬೇರೆ ಕೋಣೆಗಳಲ್ಲಿ ಅಲೆಯಬೇಕಾಗಿ ಬಂದದ್ದರಿಂದಲೇ ಅಲ್ಲವೇ ಅದು ನಿಮ್ಮ ಕಣ್ಣಿಗೆ ಬಿದ್ದದ್ದು? ಹೌದು, ಅವು ಜೋಡಿಯಾಗಿಯೇ ಇವೆ. ಉತ್ತರವನ್ನು ನಾನು ಹೇಳುವುದಿಲ್ಲ, ವಿಡಿಯೊ ಹಾಕಿಕೊಂಡು ನೋಡಬೇಡಿ ಎಂದೂ ಬೇಡಿಕೊಳ್ಳುತ್ತೇನೆ. ಕೋಣೆಯ ಹೆಸರು, ಅದು ನಕ್ಷೆಯಲ್ಲಿದ್ದ ಜಾಗ, ಎರಡು ಚಿತ್ರಗಳಲ್ಲಿ ಕಂಡದ್ದು ಏನೇನು, ಇಷ್ಟನ್ನು ಒಂದು ಪುಟದಲ್ಲಿ ಬರೆಯುತ್ತ ಹೋಗಿ. ಆ ಪುಟ ತುಂಬಿದ ದಿನ ನನಗೆ ಇನ್ನೊಂದು ಪತ್ರ ಬರೆಯಿರಿ.