ಮೊದಲ ಕ್ಯಾಮೆರಾನಾ? ಆಷಾಢ ಬರಲಿ, ಆಮೇಲೆ ನೋಡೋಣ

ಪ್ರಶ್ನೆ: ನಮ್ಮದು ಮಂಡ್ಯ ಪಕ್ಕದ ಹಳ್ಳಿ. ಆಲೆಮನೆಯಲ್ಲಿ ಒಂದೇ ರಾತ್ರಿ ನಡೆಯುವ ಹದಿನೈದು ನಿಮಿಷದ ಕಿರುಚಿತ್ರ ಬರೆದಿದ್ದೇನೆ. ಅಪ್ಪ, ಮಗ, ಇಬ್ಬರೇ ಪಾತ್ರ. ಕೈಯಲ್ಲಿ 60 ಸಾವಿರ ಇದೆ. ಅಂಗಡಿಯವರು ‘ಫುಲ್ ಫ್ರೇಮ್ ತಗೊಳ್ಳಿ, 4ಕೆ ಇರಲೇಬೇಕು, ಇಎಂಐ ಮಾಡಿಕೊಡ್ತೀವಿ’ ಅಂತಾರೆ. ಯಾವ ಕ್ಯಾಮೆರಾ ತಗೊಳ್ಳಲಿ?

ಉತ್ತರ: ಇಎಂಐ ಮಾತ್ರ ಬೇಡ. ಸಿನಿಮಾ ಮುಗಿದರೂ ಕಂತು ಮುಗಿಯೋದಿಲ್ಲ. ಅದನ್ನು ಕಟ್ಟೋಕೆ ಅಂತಾನೇ ನಾಮಕರಣ, ಬೀಗರ ಊಟ ಎಲ್ಲ ಶೂಟ್ ಮಾಡುತ್ತಾ ಓಡಾಡಬೇಕಾಗುತ್ತದೆ. ನಾನು ಮೈಸೂರಿನಲ್ಲಿ ಮದುವೆ ವಿಡಿಯೊ ಮಾಡಿಯೇ ಜೀವನ ನಡೆಸಿದವಳು, ಆ ಕೆಲಸವನ್ನು ಹಗುರ ಮಾಡಿ ಹೇಳುತ್ತಿಲ್ಲ. ನಿಮಗೆ ಬೇಕಿರುವುದು ಅದಲ್ಲ, ಅಲ್ವಾ?

ಮೊದಲು ಕತೆಯನ್ನೇ ನೋಡೋಣ. ರಾತ್ರಿ. ಬೆಳಕು ಅಂದರೆ ಒಲೆಯ ಬೆಂಕಿ, ಒಂದೆರಡು ಬಲ್ಬು. ಪಕ್ಕದಲ್ಲಿ ಗಾಣದ ಗಡಗಡ. ನಿಮ್ಮನ್ನು ಕಾಡುವುದು ಕತ್ತಲೆ ಮತ್ತು ಸದ್ದು. 4ಕೆ ಅಂದರೆ ಚಿತ್ರದಲ್ಲಿ ಚುಕ್ಕಿ ಜಾಸ್ತಿ ಅಷ್ಟೆ, ಇವೆರಡಕ್ಕೂ ಅದು ಮದ್ದಲ್ಲ.

ಕತ್ತಲೆಗೆ ಬೇಕಾದ್ದು ಲೆನ್ಸು. ಕ್ಯಾಮೆರಾ ಜೊತೆ ಬರುವ ಕಿಟ್ ಲೆನ್ಸನ್ನು ಪೂರ್ತಿ ಜೂಮ್ ಮಾಡಿದರೆ ಎಫ್ 5.6 ಆಗುತ್ತದೆ. ಈ ಎಫ್ ಅಂಕಿ ಚಿಕ್ಕದಾದಷ್ಟೂ ಬೆಳಕು ಜಾಸ್ತಿ. 50 ಎಂಎಂ ಎಫ್ 1.8 ಲೆನ್ಸು ಅದಕ್ಕಿಂತ ಸುಮಾರು ಹತ್ತು ಪಟ್ಟು ಬೆಳಕನ್ನು ಒಳಗೆ ಬಿಡುತ್ತದೆ. ಅಗ್ಗದ ಲೆನ್ಸುಗಳ ಸಾಲಿನಲ್ಲೇ ಸಿಗುತ್ತದೆ. ಫುಲ್ ಫ್ರೇಮ್‌ಗಿಂತ ಚಿಕ್ಕದಾದ ಎಪಿಎಸ್-ಸಿ ಸೆನ್ಸರ್ (ಚಿತ್ರ ಹಿಡಿಯುವ ಚಿಪ್ಪು) ಇರುವ ಕ್ಯಾನನ್‌ಗೆ ಹಾಕಿದರೆ 80 ಎಂಎಂನಷ್ಟು ಹತ್ತಿರ ತೋರಿಸುತ್ತದೆ, ಅದೊಂದು ಗೊತ್ತಿರಲಿ. ಆಲೆಮನೆಯಲ್ಲಿ ಹಿಂದೆ ಸರಿಯೋಕೆ ಜಾಗ ಇರುತ್ತದೆ. ಅಗ್ರಹಾರದ ಮನೆಯ ಅಡುಗೆಮನೆಯಾಗಿದ್ದರೆ ಗೋಡೆ ಒಡೆಯಬೇಕಾಗ್ತಿತ್ತು.

ಲೆನ್ಸು ಬಿಟ್ಟು ಬರೀ ಕ್ಯಾಮೆರಾ ‘ಬಾಡಿ’ ಅಂದರೆ ಸೆಕೆಂಡ್ ಹ್ಯಾಂಡ್ ಕ್ಯಾನನ್ 200ಡಿ ಸಾಕು ಅಂತೀನಿ. 2017ರ ಮಾಡೆಲ್, 1080ಪಿ ಅಷ್ಟೆ, 4ಕೆ ಇಲ್ಲ. ಆದರೆ ಆಟೊಫೋಕಸ್ ಚೆನ್ನಾಗಿದೆ, ಸ್ಕ್ರೀನ್ ತಿರುಗುತ್ತದೆ, ಮೈಕ್ ಸಿಕ್ಕಿಸಬಹುದು. ಹೆಡ್‌ಫೋನ್ ಸಿಕ್ಕಿಸೋಕೆ ಆಗೋದಿಲ್ಲ, ಅದು ಕೊರತೆಯೇ. 2021ರಲ್ಲಿ ಬಂದ ಸೋನಿ ಝಡ್‌ವಿ-ಇ10ನಲ್ಲಿ ಹೆಡ್‌ಫೋನೂ ಆಗುತ್ತದೆ, 4ಕೆಯೂ ಇದೆ. ಹೊಸದು ತಗೊಂಡರೆ ನಿಮ್ಮ ದುಡ್ಡೆಲ್ಲ ಅದಕ್ಕೇ ಸರಿಹೋಗುತ್ತದೆ. ‘ಇದರಲ್ಲಿ 4ಕೆ ಇದೆ’ ಅಂತ ಯಾರಾದರೂ ಕ್ಯಾನನ್ ಎಂ50 ತೋರಿಸಿದರೆ ಹುಷಾರು. 4ಕೆ ಒತ್ತಿದ ಕೂಡಲೇ ಚಿತ್ರದ ಅಂಚು ಸುತ್ತಲೂ ಕತ್ತರಿಸಿಹೋಗುತ್ತದೆ, ಒಳ್ಳೆಯ ಆಟೊಫೋಕಸ್ಸೂ ಕೈಕೊಡುತ್ತದೆ. ಏನೇ ತಗೊಳ್ಳಿ, 60 ಸಾವಿರದಲ್ಲಿ ಅರ್ಧಕ್ಕಿಂತ ಜಾಸ್ತಿ ಕ್ಯಾಮೆರಾ ಬಾಡಿ ಮೇಲೆ ಹಾಕಬೇಡಿ. ಊಟ, ಡೀಸೆಲ್ಲು, ಆಲೆಮನೆಯವರಿಗೆ ಕೊಡುವುದು ಯಾರ ಲೆಕ್ಕದಲ್ಲೂ ಇರೋದಿಲ್ಲ.

ಹುಡುಕೋದು ಆಷಾಢದಲ್ಲಿ. ನಮ್ಮ ಕಡೆ ಆಗ ಮದುವೆ ಇಲ್ಲ. ವಿಡಿಯೊದವರ ಕ್ಯಾಮೆರಾಗಳೆಲ್ಲ ಬೀರುವಿನಲ್ಲಿ ಕೂತಿರುತ್ತವೆ. ದಿನದ ಬಾಡಿಗೆಯಲ್ಲಿ ಚೌಕಾಸಿ ನಡೆಯುತ್ತದೆ, ಹಳೆಯದನ್ನು ಮಾರುವ ಮಾತೂ ಆಗಲೇ ಬರುತ್ತದೆ. ಧನುರ್ಮಾಸವೂ ಹಾಗೇ. ಮೊದಲು ಎರಡು ದಿನ ಬಾಡಿಗೆಗೆ ತಂದು ಅದೇ ಆಲೆಮನೆಯಲ್ಲಿ ರಾತ್ರಿ ಓಡಿಸಿ ನೋಡಿ. ಹಿಡಿಸಿದರೆ ಅದನ್ನೇ ಕೊಡ್ತೀರಾ ಅಂತ ಕೇಳಿ.

ಕೊಳ್ಳುವಾಗ ಎಲ್ಲರೂ ಶಟರ್ ಕೌಂಟ್, ಅಂದರೆ ಎಷ್ಟು ಫೋಟೊ ಹೊಡೆದಿದೆ ಅನ್ನುವ ಲೆಕ್ಕ ಕೇಳುತ್ತಾರೆ. ವಿಡಿಯೊಗೆ ಅದು ಅಷ್ಟು ಮುಖ್ಯ ಅಲ್ಲ, ರೆಕಾರ್ಡಿಂಗ್ ಉದ್ದಕ್ಕೂ ಶಟರ್ ತೆರೆದೇ ಇರುತ್ತದೆ. ನೀವು ಮೈಕ್ ಸಿಕ್ಕಿಸಿ ವಯರ್ ಅಲ್ಲಾಡಿಸಿ. ಕರಕರ ಅಂದರೆ ಬೇಡ. ಛತ್ರದಲ್ಲಿ ಆ ವಯರನ್ನು ಎಡವದ ಮಕ್ಕಳೇ ಇಲ್ಲ! ಆಮೇಲೆ ಲೆನ್ಸಿಗೆ ಮುಚ್ಚಳ ಹಾಕಿ, ಐಎಸ್‌ಒ (ಕ್ಯಾಮೆರಾ ಬೆಳಕನ್ನು ಹಿಗ್ಗಿಸುವ ಮಟ್ಟ) ಏರಿಸಿ, ಒಂದು ನಿಮಿಷ ರೆಕಾರ್ಡ್ ಮಾಡಿ ಟಿವಿಯಲ್ಲಿ ನೋಡಿ. ಕದಲದ ಕೆಂಪು ಚುಕ್ಕಿ ಒಂದೆರಡು ಕಂಡರೆ ಬೆಲೆ ಇಳಿಸಿ ಕೇಳಿ. ಜಾಸ್ತಿ ಇದ್ದರೆ ಬಿಟ್ಟು ಬನ್ನಿ. 29 ನಿಮಿಷ 59 ಸೆಕೆಂಡಿಗೆ 200ಡಿ ತಾನೇ ನಿಲ್ಲುತ್ತದೆ, ಅದು ಕೆಟ್ಟಿದೆ ಅಂತಲ್ಲ.

ಇನ್ನು ಸದ್ದು. ಗಾಣ ನಿಲ್ಲಿಸಿ ಅಂದರೆ ಆಲೆಮನೆ ಯಜಮಾನರು ಬೈಯುತ್ತಾರೆ, ಕರೆಂಟ್ ಇರುವಾಗಲೇ ಅವರು ಅರೆಯಬೇಕು. ಆದರೆ ಗಾಣ ನಿಂತ ಮೇಲೂ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತಲೇ ಇರುತ್ತದೆ. ಅಪ್ಪ ಮಗನ ಮಾತನ್ನು ಆ ಹೊತ್ತಿಗೆ ಇಟ್ಟುಕೊಳ್ಳಿ. ಮಾತಿಲ್ಲದ ಶಾಟುಗಳೆಲ್ಲ ಗಾಣ ಓಡುವಾಗ. ಎರಡು ಅಗ್ಗದ ಕಾಲರ್ ಮೈಕ್ ತಗೊಂಡು, ಇಬ್ಬರ ಫೋನಿಗೂ ಒಂದೊಂದು ಸಿಕ್ಕಿಸಿ, ಏರೋಪ್ಲೇನ್ ಮೋಡ್‌ನಲ್ಲಿಟ್ಟು ರೆಕಾರ್ಡ್ ಮಾಡಿ. ಅಪ್ಪನ ಪಾತ್ರ ಬರೀ ಬನಿಯನ್‌ನಲ್ಲಿದ್ದರೆ ಫೋನನ್ನು ಪಂಚೆಯ ಸೊಂಟಕ್ಕೆ ಸಿಗಿಸಬಹುದು. ಪ್ರತಿ ಶಾಟಿನ ಶುರುವಿಗೆ ಕ್ಯಾಮೆರಾ ಮುಂದೆ ಒಂದು ಚಪ್ಪಾಳೆ ಹೊಡೆಯಿರಿ, ಎಡಿಟಿಂಗ್‌ನಲ್ಲಿ ಚಿತ್ರ, ಶಬ್ದ ಜೋಡಿಸೋಕೆ ಅದೇ ಗುರುತು. ಕೊನೆಗೆ ಎಲ್ಲರೂ ಸುಮ್ನೆ ನಿಂತು ಒಲೆಯ ಸದ್ದನ್ನು ಒಂದು ನಿಮಿಷ ಹಿಡಿದುಕೊಳ್ಳಿ. ಮಾತಿನ ಮಧ್ಯೆ ತೇಪೆ ಹಾಕೋಕೆ ಬೇಕೇ ಬೇಕು.

ಡಿಸೆಂಬರ್ ಚಳಿಯಿಂದ ಕ್ಯಾಮೆರಾವನ್ನು ಆಲೆಮನೆಯೊಳಗೆ ತಂದ ತಕ್ಷಣ ಆವಿಗೆ ಲೆನ್ಸು ಮಬ್ಬಾಗುತ್ತದೆ. ಅರ್ಧ ಗಂಟೆ ಮೊದಲೇ ಬ್ಯಾಗಿನ ಸಮೇತ ಒಳಗಿಡಿ. ಬಣ್ಣ ಹೊಂದಿಸುವ ವೈಟ್ ಬ್ಯಾಲೆನ್ಸನ್ನು ಆಟೊದಲ್ಲಿ ಬಿಟ್ಟರೆ ಬೆಂಕಿಯ ಕೆಂಪೆಲ್ಲ ಪೇಲವ ಆಗುತ್ತದೆ.

ಪ್ರಶ್ನೆ: ಮೈಸೂರಿನವಳು. ಫೋನಿನಲ್ಲೇ ಶೂಟ್ ಮಾಡ್ತೀನಿ. ದೇವರಾಜ ಮಾರುಕಟ್ಟೆಯಲ್ಲಿ ಅಂಗಡಿ ಲೈಟಿನ ಕೆಳಗೆ ಕಪ್ಪು ಪಟ್ಟಿಗಳು ಓಡುತ್ತವೆ. ಫೋನ್ ಕೆಟ್ಟಿದೆಯಾ?

ಉತ್ತರ: ಇಲ್ಲಮ್ಮ. ನಮ್ಮ ಕರೆಂಟು 50 ಹರ್ಟ್ಜ್, ಲೈಟು ಸೆಕೆಂಡಿಗೆ ನೂರು ಸಲ ಮಿನುಗುತ್ತದೆ. ನಿನ್ನ ಫೋನು ಬಹುಶಃ ಸೆಕೆಂಡಿಗೆ 30 ಫ್ರೇಮ್, 1/60 ಸೆಕೆಂಡ್ ಶಟರ್‌ನಲ್ಲಿದೆ. ಅದು ಅಮೆರಿಕದ 60 ಹರ್ಟ್ಜ್‌ಗೆ ಹೊಂದುವ ಲೆಕ್ಕ. 25 ಫ್ರೇಮ್, 1/50 ಇಟ್ಟರೆ ಹೆಚ್ಚಿನ ಪಟ್ಟಿ ಹೋಗುತ್ತದೆ. ಫೋನಿನ ಸ್ವಂತ ಆ್ಯಪ್ ಬಿಡದಿದ್ದರೆ ಬ್ಲ್ಯಾಕ್‌ಮ್ಯಾಜಿಕ್ ಕ್ಯಾಮೆರಾ ಅನ್ನುವ ಆ್ಯಪ್ ಹಲವು ಫೋನುಗಳಿಗೆ ಉಚಿತವಾಗಿ ಸಿಗುತ್ತದೆ. ಬಿಸಿಲಿನಲ್ಲಿ 1/50 ಇಟ್ಟರೆ ಎಲ್ಲ ಬೆಳ್ಳಗಾಗುತ್ತದೆ, ಬೆಳಕು ತಗ್ಗಿಸುವ ಎನ್‌ಡಿ ಫಿಲ್ಟರ್ ಹಾಕು.

ಪ್ರಶ್ನೆ: ಶ್ರೀರಂಗಪಟ್ಟಣದ ದರಿಯಾ ದೌಲತ್‌ನಲ್ಲಿ ಇಬ್ಬರು ಗೆಳೆಯರು ಮಾತಾಡೋ ದೃಶ್ಯ ಇದೆ. ಟ್ರೈಪಾಡ್ ಬಿಡ್ತಾರಾ?

ಉತ್ತರ: ಅದು ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ. ಸಿನಿಮಾ ಶೂಟಿಂಗಿಗೆ ಮೊದಲೇ ಅನುಮತಿ ಬೇಕು. ಇಬ್ಬರು ಮಾತಾಡೋಕೆ ಅಲ್ಲಿಗೇ ಹೋಗಬೇಕಾ? ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಏರಿ ಮೇಲೆ ಬೆಳಗ್ಗೆ ಬೇಗ ಹೋಗಿ ನೋಡಿ. ನೀರು ಬಿಟ್ಟಿದ್ದರೆ ಟ್ರೈಪಾಡನ್ನು ಅಂಚಿನಿಂದ ದೂರ ಇಡಿ.